ಫಲ ಬರೆಯದ ಪೋಥಿ

"ಸಾವಕಾರ್ರ, ನಿಮ್ಮನ್ನ ಪುಸ್ತಕದಾಗ ಹಾಕ್ಯಾರಂತ, ನೋಡ್ರಿ!"

ವ್ಯಾಪಾರಿ ಪರಪ್ಪ ತೊಯ್ದ ಛತ್ರಿಯನ್ನು ಬಾಗಿಲಿಗೆ ಒರಗಿಸಿ, ಅಂಗಿಯೊಳಗೆ ಹೊಟ್ಟೆಗೆ ಹಚ್ಚಿಕೊಂಡು ತಂದಿದ್ದ ಪುಸ್ತಕವನ್ನು ಗಾದಿಯ ಮೇಲೆ ಒಗೆದ. ಅದು ಜಾರಿ ಬಂದು ದಿವಾನಜಿ ಜಿನದತ್ತನ ಡೆಸ್ಕಿನ ಕಾಲಿಗೆ ತಾಗಿ ನಿಂತಿತು. ಅವನ ಕೈಯೊಳಗಿನ ಲೆಕ್ಕ ಬರೆಯುವ ಟಾಕೂ ನಿಂತಿತು. ಹಳದಿ ರಟ್ಟು, ಕೆಂಪು ಅಕ್ಷರ: 'ಸಂತೆಯ ಮರುದಿನ'. ಕೆಳಗೆ ಬರೆದವನ ಹೆಸರು 'ಹಿರಣ್ಯಕೇಶಿ'. ಈ ಪುಸ್ತಕದ ಐದಾರು ಪ್ರತಿಗಳು ಅವನು ಸಂಸಾರ ಹೂಡಿದ್ದ ಇದೇ ಅಂಗಡಿಯ ಹಿಂದಿನ ಕೋಣೆಯಲ್ಲಿ, ಜೋಳದ ಗುಡಾಣದ ಹಿಂದೆ ಅರಿವೆ ಸುತ್ತಿಕೊಂಡು ಅಡಗಿದ್ದವು. ಬರೆದವನು ಅವನೇ.

ರೈತರ ಮಾಲನ್ನು ದಲಾಲಿಗೆ ಮಾರಿಸುವ ಆ ಅಡತಿ ಅಂಗಡಿಯ ಭೀಮಗೊಂಡ ಸಾವಕಾರ ಲೋಡಿಗೆ ಒರಗಿದ್ದವನು ಕಾಲಿನಿಂದಲೇ ಪುಸ್ತಕವನ್ನು ಹತ್ತಿರ ಎಳೆದುಕೊಂಡ.

"ಯಾಂವ ಬರದಾನ?"

"ಹಿರಣ್ಯಕೇಶಿ ಅಂತ ಹೆಸರ ಐತೆಂತ್ರಿ."

"ನಮ್ಮ ಹೊಳಿ? ಹೊಳಿ ಯಾವಾಗಿಂದ ಪುಸ್ತಕ ಬರ್ಯಾಕ ಹತ್ತಿತೋ ಪರಪ್ಪಾ?"

"ನಗಬ್ಯಾಡ್ರಿ. ಇಚಲಕರಂಜಿಗೆ ಮಾಲು ಇಳಸಾಕ ಹೋಗಿದ್ನಿ. ಅಲ್ಲಿ ಮಗ್ಗದ ಓಣ್ಯಾಗ ನಮ್ಮ ಕಡೆ ಮಂದಿ ಅದಾರಲ್ಲ, ಒಬ್ಬ ಓದತಾನ, ಉಳಿದವರು ಜಗಳಾಡತಾರ. ಯಡ್ರಾವದಾಂವ ಒಬ್ಬ, ಇದು ನಮ್ಮೂರ ಅಂತಾನ. ಅಕಿವಾಟದಾಂವ, ಏ ಬಿಡಲೇ, ಆ ಬಾವಿ ನಮ್ಮೂರಾಗ ಐತಿ ಅಂತಾನ. ಒಬ್ಬ ಮುದಕ ಏನೂ ಅನ್ನಲಿಲ್ಲ, ಕಣ್ಣ ಒರಸ್ಕೊಂಡ ಎದ್ದ ಹೋದ. ಇದರಾಗ ರಾಯಗೊಂಡ ಅಂತ ಒಬ್ಬ ಅಡತಿ ಸಾವಕಾರ ಬರತಾನಂತ. ಪರಪ್ಪಣ್ಣ, ಇಂವಾ ನಿಮ್ಮ ಗಡಹಿಂಗ್ಲಜದಾಂವಾನ ಇರಬೇಕು ನೋಡ್ರಿ ಅಂದ್ರು. ನಮ್ಮೂರಾಗ ಅಡತಿ ಸಾವಕಾರ ಅಂದ್ರ ಮತ್ತ ಯಾರ್ರಿ?"

ಭೀಮಗೊಂಡನ ಮುಖದ ನಗೆ ಹೋಗಲಿಲ್ಲ. ಆದರೆ ಅವನು ಎದ್ದು ಕುಳಿತ. ಅವನು ಎದ್ದು ಕುಳಿತನೆಂದರೆ ಏನೆಂಬುದು ಅಂಗಡಿಯವರಿಗೆಲ್ಲ ಗೊತ್ತಿತ್ತು.

ಜಿನದತ್ತ ಧೈರ್ಯವಂತನಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವನಿಗಿಂತ ಮುಂಚೆ ಆ ಡೆಸ್ಕಿನ ಮುಂದೆ ಕುಳಿತಿದ್ದ ದಿವಾನಜಿ ಅಲ್ಲಪ್ಪ, ಅಂಗಡಿಯ ಒಳದರವನ್ನು ಹೊರಗೆ ಬಾಯಿಬಿಟ್ಟಿದ್ದ. ಭೀಮಗೊಂಡ ಬೈಯಲಿಲ್ಲ, ಹೊಡೆಯಲಿಲ್ಲ. ಹಿಂದಿನ ಕೋಣೆಯಿಂದ ಅವನ ಹಾಸಿಗೆ, ಪಾತ್ರೆ, ಒಲೆಯ ಮೇಲಿನ ಅನ್ನದ ಗಡಿಗೆ ಎಲ್ಲವನ್ನೂ ಮಳೆಯಲ್ಲಿ ಇಡಿಸಿ, ತಾನು ಹಣೆಯ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದ. ಅದಾದ ಮೇಲೆ ಊರಿನ ಯಾವ ಅಂಗಡಿಯೂ ಅಲ್ಲಪ್ಪನಿಗೆ ಕೆಲಸ ಕೊಡಲಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋದನೋ ಯಾರೂ ಕೇಳಲಿಲ್ಲ. ಈಗ ಅದೇ ಕೋಣೆಯಲ್ಲಿ ಜಿನದತ್ತನ ಹೆಂಡತಿ ಶಾಲನ ತುಂಬಿದ ಬಸುರಿ. ಧಾರವಾಡದ ಪ್ರಕಾಶಕ ಕಾವ್ಯನಾಮ ಇಟ್ಟುಕೊಳ್ಳಿ ಎಂದಾಗ ಹುಚ್ಚನ ಹಾಗೆ ಊರ ಹೊಳೆಯ ಹೆಸರನ್ನೇ ಕೊಟ್ಟಿದ್ದ ತನ್ನ ಬುದ್ಧಿಗೆ ಏನನ್ನಬೇಕು ಎಂದು ಅವನು ಆ ಕ್ಷಣದಲ್ಲಿ ನೆನೆದ.

"ಜಿನದತ್ತ, ಓದು," ಎಂದ ಭೀಮಗೊಂಡ.

ಅಂಗಡಿಯಲ್ಲಿ ಕನ್ನಡ ಓದಬಲ್ಲವನು ಅವನೊಬ್ಬನೇ. ಊರಿನಲ್ಲಿ ಅರ್ಧ ಜನ ಮನೆಯಲ್ಲಿ ಆಡುವುದು ಕನ್ನಡ. ಸಾಲೆಯಲ್ಲಿ ಕಲಿಯುವುದು ಮರಾಠಿ. ಅಂಗಡಿಯ ಲೆಕ್ಕದ ಬಹಿ ಬರೆಯುವುದು ಮರಾಠಿಯ ಮೋಡಿ ಲಿಪಿಯಲ್ಲಿ. ಜಿನದತ್ತ ಸಂಕೇಶ್ವರದ ಕಡೆಯ ಕನ್ನಡ ಸಾಲೆಯಲ್ಲಿ ಕಲಿತವನು. ಬೇರೆ ದಾರಿಯಿಲ್ಲದೆ ಪುಸ್ತಕ ಎತ್ತಿಕೊಂಡು ಮೊದಲ ಪುಟ ತೆರೆದ. ಮೆಣಸಿನಕಾಯಿಯ ಘಾಟಿಗೆ ಎಂದು ಎಲ್ಲರಿಗೂ ಅನ್ನಿಸುವ ಹಾಗೆ ಎರಡು ಸಲ ಕೆಮ್ಮಿ ಓದತೊಡಗಿದ. ಸಂತೆ ಮುಗಿದ ಮರುದಿನ ಬೆಳಗ್ಗೆ, ಖಾಲಿ ಬಜಾರಿನಲ್ಲಿ ಒಂದು ಹೆಣ್ಣುಮಗಳು ಬಿದ್ದ ಕಾಳನ್ನು ಸೆರಗಿಗೆ ಆರಿಸಿಕೊಳ್ಳುತ್ತಾಳೆ. ಅಲ್ಲಿಂದ ಕಥೆ ಶುರು.

ಒಂದು ಪುಟ ಮುಗಿದಿರಲಿಲ್ಲ, ಒಳಗಿನಿಂದ ಕೋಲಿನ ಸಪ್ಪಳ ಬಂತು. ಸಾವಕಾರನ ತಾಯಿ ಮಾಣಿಕಬಾಯಿ. ಊರಿಗೆಲ್ಲ ಅವಳು ಆಯಿ.

"ಯಾರಲೇ ಅದು ಅಂಗಡ್ಯಾಗ ಕುಂತ ಪೋಥಿ ಓದೂದು?"

"ಪೋಥಿ ಅಲ್ಲ ಆಯಿ, ಇದೊಂದು..." ಎಂದ ಭೀಮಗೊಂಡ.

"ಕನ್ನಡದಾಗ ಐತೋ ಇಲ್ಲೋ?"

"ಕನ್ನಡದಾಗ ಐತಿ."

"ಮತ್ತ? ಮೆಣಸಿನಕಾಯಿ ಚೀಲದ ನಡಕ, ಚಪ್ಪಲಿ ಕಾಲಿನ ಮಂದಿ ಎದರಿಗೆ ಪೋಥಿ ಓದತಾರೇನೋ? ಅದೂ ಚಾತುರ್ಮಾಸದಾಗ?"

ಮಾಣಿಕಬಾಯಿಯ ಲೆಕ್ಕ ಸರಳವಾಗಿತ್ತು. ಮೋಡಿ ವ್ಯಾಪಾರಕ್ಕೆ, ಮರಾಠಿ ಕಚೇರಿಗೆ, ಕನ್ನಡ ಬಸದಿಗೆ. ಅವಳ ತವರಿನಲ್ಲಿ ಕನ್ನಡದಲ್ಲಿ ಇದ್ದದ್ದೆಲ್ಲ ಶಾಸ್ತ್ರ, ಪುರಾಣದ ಪೋಥಿ. ಕನ್ನಡದಲ್ಲಿ ಸುಳ್ಳು ಕಥೆ ಅಚ್ಚು ಹಾಕುತ್ತಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದರೂ ನಂಬುವವಳಲ್ಲ. ಅವಳು ಕೈ ಚಾಚಿ ಪುಸ್ತಕ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ಹೋಗುವಾಗ, "ಸುರು ಮಾಡಿದ ಪೋಥಿ ನಡಕ ಬಿಡಬಾರದು. ನಾಳಿಂದ ಮಧ್ಯಾಹ್ನ ಪಡಸಾಲ್ಯಾಗ ಓದು. ಹೊತ್ತ ಮುಳಗೂದ್ರಾಗ ಊಟಕ್ಕ ಏಳಬೇಕು ಮತ್ತ," ಎಂದಳು.

ಭೀಮಗೊಂಡ ಯಾರ ಮಾತನ್ನೂ ಕೇಳದವನು. ತಾಯಿಯ ಮಾತಿಗೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. "ಛಲೋ ಆತು," ಎಂದ ಪರಪ್ಪನ ಕಡೆ ತಿರುಗಿ. "ಪೂರಾ ಕೇಳೂನು. ಕೇಳಿ, ಬರದಾಂವ ಯಾಂವ ಅನ್ನೂದ ಹುಡಕೂನು. ಈ ಊರಾಗ ಇದ್ದರ ಅಂವಾ ಮತ್ತ ಇರಬಾರದು."

---

"ಅಲಕಕ್ಕನ್ನ ಬರದೀರೇನು?" ಎಂದು ಶಾಲನ ಕೇಳಿದಳು. ರೊಟ್ಟಿಯ ಹಿಟ್ಟು ಕೈಗೆ ಹಾಗೇ ಅಂಟಿತ್ತು.

"ಹೆಸರ ಬ್ಯಾರೆ ಇಟ್ಟೇನಿ. ಗಂಗೂ ಅಂತ."

"ಹೆಸರ ತಗೊಂಡ ಏನ ಮಾಡ್ಲಿ? ಟ್ರಂಕ ಬರದೀರೇನು?"

ಜಿನದತ್ತ ಗೋಡೆ ನೋಡಿದ.

"ಬರದೀರಿ," ಎಂದಳು ಅವಳು. ಹಿಟ್ಟಿನ ಕೈಯನ್ನು ಹಣೆಗೆ ಬಡಿದುಕೊಂಡಳು. "ಉಳಿದದ್ದ ಏನರ ಬರಕೊಳ್ರಿ. ರಾಯಗೊಂಡನ್ನ ಬರೀರಿ, ಎತ್ತ ಬರೀರಿ. ಅದನ್ಯಾಕ ಬರದ್ರಿ?"

"ನೋಡಿದ್ದ ತಲ್ಯಾಗ ಉಳೀತು."

"ತಲ್ಯಾಗ ಇಟ್ಕೋಬೇಕಿತ್ತು!"

ಟ್ರಂಕಿನ ಸಂಗತಿ ಹೀಗಿತ್ತು. ಅಲಕಾ ಭೀಮಗೊಂಡನ ಒಬ್ಬಳೇ ಮಗಳು. ಇಚಲಕರಂಜಿಯಲ್ಲಿ ಗಂಡನ ಮನೆ, ಮಗ್ಗ ಇದ್ದವರು. ಹೋದ ವರ್ಷ ಪಂಚಮಿಗೆಂದು ತವರಿಗೆ ಬಂದವಳು ಇನ್ನೊಂದು ಪಂಚಮಿ ಸಮೀಪ ಬಂದರೂ ಹೋಗಿರಲಿಲ್ಲ. ಯಾಕೆಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳಿದವರಿಗೆ ಭೀಮಗೊಂಡ, "ಮುಂದಿನ ವಾರ ಹೊಂಟಾಳ," ಎನ್ನುತ್ತಿದ್ದ. ಅಂಗಡಿಯಲ್ಲಿ ಅವನು ಹಾಗೆಂದ ದಿನ ಅಲಕಾ ಟ್ರಂಕು ತುಂಬುತ್ತಿದ್ದಳು. ಸಂಜೆಯ ಹೊತ್ತಿಗೆ ತಾನೇ ಮತ್ತೆ ತೆಗೆಯುತ್ತಿದ್ದಳು. ಅವಳ ಕೋಣೆಗೂ ದಿವಾನಜಿಯ ಡೆಸ್ಕಿಗೂ ನಡುವೆ ಒಂದೇ ಗೋಡೆ. ಟ್ರಂಕಿನ ಚಿಲಕ ಬೀಳುವ ಸಪ್ಪಳ, ಏಳುವ ಸಪ್ಪಳ ಅಲ್ಲಿ ಕುಳಿತವನಿಗೂ, ಪಕ್ಕದ ಗಾದಿಯ ಮೇಲಿನ ಸಾವಕಾರನಿಗೂ ಮಾತ್ರ ಕೇಳುತ್ತಿತ್ತು. ಕೇಳಿದ ಕೂಡಲೇ ಭೀಮಗೊಂಡ ಎದುರಿಗಿದ್ದ ಗಿರಾಕಿಯ ಜೊತೆ ಜೋರಾಗಿ ಮಾತಾಡತೊಡಗುತ್ತಿದ್ದ. ಜಿನದತ್ತ ಅದನ್ನು ಇದ್ದ ಹಾಗೇ ಬರೆದಿದ್ದ. ಅದನ್ನು ಓದಿದರೆ ಪುಸ್ತಕ ಬರೆದವನು ಯಾರೆಂದು ಬೇರೆ ಯಾರನ್ನೂ ಕೇಳುವ ಕಾರಣವಿರಲಿಲ್ಲ.

"ನೇಸರಿಗೆ ಹೋಗೂನು, ನಮ್ಮ ಅಪ್ಪನ ಮನಿಗೆ," ಎಂದಳು ಶಾಲನ.

"ಈಗ ಹೋದರ ನಾನ ಬರದೇನಿ ಅಂತ ಡಂಗುರಾ ಸಾರಿದಂಗ."

"ಮತ್ತ ಏನ ಮಾಡತೀರಿ?"

"ಆ ಹಾಳಿ ಹಾರಸತೇನಿ. ಓದಾಂವ ನಾನ ಅಲ್ಲೇನು? ಉಳಿದವರಿಗೆ ಏನ ತಿಳೀತೈತಿ?"

ಅವಳು ಆ ಸಂಜೆ ನಿತ್ಯಕ್ಕೆ ಬೇಡವಾದ ಪಾತ್ರೆಗಳನ್ನು ಒಂದು ಗೋಣಿಚೀಲಕ್ಕೆ ಹಾಕಿ ಮೂಲೆಗಿಟ್ಟಳು. ಅಲ್ಲಪ್ಪನದರ ಹಾಗೆ ತಮ್ಮ ಅನ್ನದ ಗಡಿಗೆಯನ್ನೂ ಸಾವಕಾರ ಮಳೆಗೆ ಇಡಿಸುವ ಮುಂಚೆ ತಾನೇ ಕಟ್ಟಿಟ್ಟುಕೊಳ್ಳಬೇಕೆಂದು ಅವಳಿಗೆ ಅನ್ನಿಸಿರಬೇಕು.

---

ಮರುದಿನದಿಂದ ಓದು ನಡೆಯಿತು. ಮಳೆ ಹಿಡಿದಿದ್ದರಿಂದ ಗಾಡಿಗಳು ಬರುತ್ತಿರಲಿಲ್ಲ, ವ್ಯಾಪಾರ ತಣ್ಣಗಿತ್ತು. ಪಡಸಾಲೆಯಲ್ಲಿ ಕಟ್ಟಿಗೆಯ ಮಡಚುವ ಪೀಠದ ಮೇಲೆ ಹಳದಿ ರಟ್ಟಿನ ಪುಸ್ತಕ. ಅದಕ್ಕೆ ಅಕ್ಷತೆ, ಒಂದು ಹೂವು. ಣಮೋಕಾರ ಮಂತ್ರ ಹೇಳಿಯೇ ಶುರು ಮಾಡಬೇಕೆಂದು ಮಾಣಿಕಬಾಯಿಯ ಅಪ್ಪಣೆ. ತನ್ನ ಕಥೆಯ ಮುಂದೆ ತಾನೇ ಕೈ ಮುಗಿದು ಕೂರುವಾಗ ಜಿನದತ್ತನಿಗೆ ನಗು ಬರಬೇಕಿತ್ತು. ಅವನು ಮಾತ್ರ ಸಾವಕಾರನ ಮುಖವನ್ನೇ ಓರೆಗಣ್ಣಿನಿಂದ ನೋಡುತ್ತಿದ್ದ.

ಒಂದು ಕಡೆ ಭೀಮಗೊಂಡ, ಅವನ ಪಕ್ಕ ಪರಪ್ಪ. ಹೊಸ್ತಿಲ ಹೊರಗೆ ಗಾಡಿ ಹೊಡೆಯುವ ಜೋತಿಬಾ. ಅವನು ಮರಾಠಿಯವನು, ಆದರೆ ಈ ಬಜಾರಿನಲ್ಲೇ ಮುದುಕನಾದವನು. ಒಳಬಾಗಿಲ ಹಿಂದೆ ಹೆಂಗಸರು. ಅಲಕಾ ಅಲ್ಲೇ ಇದ್ದಾಳೆಂಬುದು ಬಳೆಯ ಸಪ್ಪಳದಿಂದ ಜಿನದತ್ತನಿಗೆ ಗೊತ್ತಾಗುತ್ತಿತ್ತು. ಅವಳು ಬಳೆಗಳನ್ನು ಮುಂಗೈ ಮೇಲಿನ ಒಂದು ಕಲೆಯ ಮೇಲೆ ಎಳೆದುಕೊಳ್ಳುತ್ತಲೇ ಇರುತ್ತಿದ್ದಳು.

ಮೊದಲ ದಿನ ಪರಪ್ಪನಿಗೆ ಬೇಸರ ಬಂತು. "ಏನರೀ ಇದು! ಇಷ್ಟ ಹೊತ್ತ ಆತು, ಒಬ್ಬರೂ ಸಾಯವೊಲ್ಲರು. ಒಂದು ಖೂನಿ ಇಲ್ಲ, ಒಂದು ಲಗ್ನ ಇಲ್ಲ. ಚಹಾದಂಗಡಿಯಾಂವ ಕಪ್ಪ ತೊಳದನಂತ. ನಮ್ಮ ಚಹಾದಂಗಡಿಯಾಂವ ತೊಳಿಯೂದಿಲ್ಲ, ಅದರ ಕಥಿ ಬರದ್ದರ ಕೇಳಬಹುದಿತ್ತು."

ಎರಡನೆಯ ದಿನ ಮಾರಿದ ಎತ್ತು ಹಗ್ಗ ಹರಿದುಕೊಂಡು ಹಳೆಯ ಮನೆಯ ಬಾಗಿಲಿಗೆ ಬಂದು ನಿಲ್ಲುವ ಅಧ್ಯಾಯ. ಜೋತಿಬಾ ತಲೆಯ ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡ. "ಬಿಚಾರಾ ಬೈಲ!" ಎಂದ. "ದಿವಾನಜೀ, ಎತ್ತ ಹೊಳ್ಳಿ ಬಂದದ್ದನ್ನ ಇನ್ನೊಮ್ಮೆ ಓದ್ರಿ."

"ಎತ್ತು ಮನಿಗೆ ಬಂತು. ಇದರ ಅರ್ಥ ಏನು?" ಎಂದು ಕೇಳಿದಳು ಮಾಣಿಕಬಾಯಿ. ಪೋಥಿ ಓದಿದವನು ಅರ್ಥವನ್ನೂ ಹೇಳಬೇಕು.

"ಎತ್ತು ಮನಿಗೆ ಬಂತು ಅಂತರಿ, ಆಯಿ."

"ಅಷ್ಟ?"

"ಅಷ್ಟರಿ."

"ಹುಚ್ಚ ಅದಿ ನೀ. ಹಿಂದಿನ ಜನ್ಮದಾಗ ಅಂವಗ ಮಗ ಆಗಿತ್ತು ಅದು. ಇಷ್ಟೂ ತಿಳ್ಯಾಂಗಿಲ್ಲೇನು?"

ಆಮೇಲೆ ಕಥೆಯಲ್ಲಿ ರಾಯಗೊಂಡ ಬಂದ. ಅಡತಿಯ ರಾಯಗೊಂಡ ರೈತನ ಚೀಲ ತೂಗುವಾಗ ಕೆಳಗಿನಿಂದ ಮೊಣಕಾಲು ಕೊಟ್ಟು ತೂಕ ಕಡಿಮೆ ಮಾಡುತ್ತಾನೆ. ಓದಿ ತಲೆಯೆತ್ತಲು ಧೈರ್ಯವಾಗಲಿಲ್ಲ. ಆಗ ಭೀಮಗೊಂಡ ತೊಡೆ ತಟ್ಟಿ ನಕ್ಕ.

"ಪರಪ್ಪಾ! ನೀನಲೇ ಇದು! ನಿನ್ನ ಮೊಣಕಾಲ!"

"ನನ್ನ ಮೊಣಕಾಲ ವಾಯು ಹಿಡದ ಎರಡ ವರ್ಷ ಆತ್ರಿ. ಈ ಜವಾರಿ ಮೊಣಕಾಲ ನಿಮ್ದ!"

"ಬಾ ಇಲ್ಲೆ, ತೋರಸ ನಿನ್ನ ಮೊಣಕಾಲ. ಜೋತಿಬಾ, ನೀ ಹೇಳೋ, ಯಾರ್ದು?"

"ಕಾಯ ಸಾಂಗೂ ಸಾವಕಾರ, ಏನ ಹೇಳ್ಲಿ? ನಿಮ್ಮಿಬ್ಬರ ಮೊಣಕಾಲೂ ನಾ ನೋಡೇನಿ," ಎಂದ ಜೋತಿಬಾ.

ಎಲ್ಲರೂ ನಕ್ಕರು. ಜಿನದತ್ತನೂ ನಕ್ಕ. ಅಷ್ಟು ಬೈದದ್ದು ಈ ಮನುಷ್ಯನಿಗೆ ತಾಗಲಿಲ್ಲವಲ್ಲ ಎಂದು ಒಳಗೊಳಗೇ ಸಿಟ್ಟೂ ಬಂತು. ಅಂಥ ಸಿಟ್ಟು ಬಂದದ್ದಕ್ಕೆ ಮತ್ತೆ ಹೆದರಿದ.

ಟ್ರಂಕಿನ ಅಧ್ಯಾಯ ಬಂದದ್ದು ಪಂಚಮಿಗೆ ನಾಲ್ಕು ದಿನ ಇರುವಾಗ. ಅಂದು ಬೆಳಗ್ಗೆ ಇಚಲಕರಂಜಿಯಿಂದ ಹೇಳಿಕೆ ಬಂದಿತ್ತು: ಹಬ್ಬ ಮುಗಿದ ಮರುದಿನ ಕರೆಯಲು ಬರುತ್ತೇವೆ. ಭೀಮಗೊಂಡ ಬಂದವನಿಗೆ ಊಟ ಹಾಕಿಸಿ, "ಬರ್ರಿ," ಎಂದು ಕಳಿಸಿದ್ದ.

ಜಿನದತ್ತ ಹಿಂದಿನ ಅಧ್ಯಾಯ ಮುಗಿಸಿದ. ಬೆರಳಿಗೆ ಉಗುಳು ಹಚ್ಚಿ, ಮೊದಲೇ ಎಣಿಸಿಟ್ಟುಕೊಂಡಿದ್ದ ಹಾಳೆಗಳನ್ನು ಒಟ್ಟಿಗೆ ಹಿಡಿದು ತಿರುವಿದ. "ಮಳೆಗಾಲ ಕಳೆದು ಹೊಳೆ ಇಳಿದಿತ್ತು," ಎಂದು ಮುಂದಿನದನ್ನು ಓದತೊಡಗಿದ.

"ನಿಲ್ಲು," ಎಂದಳು ಮಾಣಿಕಬಾಯಿ.

ಅವನು ನಿಂತ.

"ಹಾಳಿ ಹಾರಸಿದಿ."

"ಇಲ್ಲರಿ ಆಯಿ."

"ಕಣ್ಣ ಹೋಗ್ಯಾವ ನನ್ನವು, ಕಿವಿ ಹೋಗಿಲ್ಲ. ಒಂದ ಹಾಳಿ ತಿರುವೂ ಸಪ್ಪಳಾನ ಬ್ಯಾರೆ, ನಾಕ ಹಾಳಿ ತಿರುವೂ ಸಪ್ಪಳಾನ ಬ್ಯಾರೆ. ಹಿಂದ ಹೋಗು."

"ಅಂಟಕೊಂಡಿದ್ವು ಕಾಣಸ್ತೈತಿ," ಎಂದ ಪರಪ್ಪ, ಆಕಳಿಸುತ್ತ. "ಮಳೀಗೆ ಹಸಿ ಆಗ್ಯಾವ."

"ಬಿಡಸ್ಕೊಂಡ ಓದು."

ಜಿನದತ್ತ ಹಿಂದಕ್ಕೆ ತಿರುವಿದ. ಬೇರೆ ಏನಾದರೂ ಕಟ್ಟಿ ಹೇಳೋಣವೆಂದು ಬಾಯಿ ತೆರೆದ. "ಗಂಗೂ... ಗಂಗೂ ನೀರಿಗೆ ಹೋಗಿದ್ದಳು. ನೀರಿಗೆ ಹೋಗಿ, ಅಲ್ಲಿ..." ಅಲ್ಲಿಗೆ ನಿಂತುಬಿಟ್ಟ. ಒಂದಿಡೀ ಪುಸ್ತಕ ಬರೆದವನಿಗೆ ಒಂದು ಸಾಲು ಸುಳ್ಳು ಹುಟ್ಟಲಿಲ್ಲ.

"ಏ, ಸರಿಯಾಗಿ ಓದೋ," ಎಂದ ಭೀಮಗೊಂಡ. "ತೊದಲಾಕ ಹತ್ತಿದಿ ಯಾಕ?"

ಅವನು ಓದಿದ. ಅಚ್ಚಾದದ್ದನ್ನೇ ಓದಿದ.

"ತಂದೆ ಹೊರಗೆ ಮುಂದಿನ ವಾರದ ಮಾತು ಆಡಿದ ದಿನ ಗಂಗೂ ಟ್ರಂಕು ತುಂಬುತ್ತಿದ್ದಳು. ಸೀರೆಗಳನ್ನು ಒಂದೊಂದಾಗಿ ಇಟ್ಟು, ಮೇಲೆ ಬಾಚಣಿಗೆ ಇಟ್ಟು, ಚಿಲಕ ಹಾಕುತ್ತಿದ್ದಳು. ಆ ಸಪ್ಪಳ ಗೋಡೆ ದಾಟಿ ಅಂಗಡಿಗೆ ಬರುತ್ತಿತ್ತು. ಆಗ ರಾಯಗೊಂಡ ಎದುರಿಗಿದ್ದವನಿಗೆ ಬೆಲ್ಲದ ದರವನ್ನು ಕಿವುಡನಿಗೆ ಹೇಳುವ ಹಾಗೆ ಕೂಗಿ ಹೇಳುತ್ತಿದ್ದ. ಸಂಜೆಗೆ ಚಿಲಕ ಮತ್ತೆ ಏಳುತ್ತಿತ್ತು. ಆಗ ಅಂಗಡಿಯಲ್ಲಿ ಗಿರಾಕಿ ಇರುತ್ತಿರಲಿಲ್ಲ. ಆದರೂ ಅವನು ಮಾತಾಡುತ್ತಿದ್ದ..."

ಅಧ್ಯಾಯ ದೊಡ್ಡದಲ್ಲ. ಮುಗಿಯಿತು. ಹಂಚಿನ ಮೇಲೆ ಮಳೆ ಬೀಳುತ್ತಿತ್ತು. ಜೋತಿಬಾ ತನ್ನ ಕಾಲಬೆರಳು ನೋಡುತ್ತಿದ್ದ. ಪರಪ್ಪನ ಬಾಯಿ ಏನೋ ಹೇಳಲು ತೆರೆದಿತ್ತು. ಭೀಮಗೊಂಡನ ಮುಖ ನೋಡಿ ಅದು ಹಾಗೇ ಮುಚ್ಚಿತು. ವಾರಗಟ್ಟಲೆ ಆಡಿಕೊಂಡು ನಗಲು ಸಿಕ್ಕ ಮಾತನ್ನು ಅಲ್ಲೇ ಬಿಟ್ಟು ಅವನು ಎದ್ದ.

"ಮಳಿ ನಿಂತೈತಿ. ಬರತೇನ್ರಿ," ಎಂದ. ಮಳೆ ನಿಂತಿರಲಿಲ್ಲ. ಛತ್ರಿಯನ್ನೂ ಮರೆತು ಹೋದ.

"ಇದರ ಅರ್ಥ ಹೇಳು," ಎಂದಳು ಮಾಣಿಕಬಾಯಿ.

ಜಿನದತ್ತ ಪೀಠದ ಮೇಲಿನ ಅಕ್ಷತೆಯ ಕಾಳು ನೋಡುತ್ತ ಕುಳಿತ. ಭೀಮಗೊಂಡನ ಕಾಲುಗಳು ಅವನ ಕಣ್ಣಿಗೆ ಕಾಣುತ್ತಿದ್ದವು. ಅವು ಅಲುಗಲಿಲ್ಲ.

ಆಗ ಬಾಗಿಲ ಹಿಂದಿನಿಂದ ಅಲಕಾ ಕೇಳಿದಳು. ಓದು ಶುರುವಾದಂದಿನಿಂದ ಅವಳ ದನಿ ಹೊರಗೆ ಬಂದದ್ದು ಅದೇ ಮೊದಲು.

"ಅಣ್ಣಾರ, ಆಕಿ ಹೋದಳೇನ್ರಿ?"

"ನಾಳಿನ ಓದಿನಾಗ ಬರತೈತ್ರಿ, ಅಕ್ಕಾರ," ಎಂದ ಜಿನದತ್ತ.

ಭೀಮಗೊಂಡ ಎದ್ದು ಒಳಗೆ ಹೋದ. ಅಂದು ಅವನು ಊಟಕ್ಕೆ ಕೂರಲಿಲ್ಲವೆಂದು ಕೆಲಸದವಳು ಶಾಲನಳಿಗೆ ಹೇಳಿದಳು. ಶಾಲನ ಗೋಣಿಚೀಲದ ಬಾಯಿ ಹೊಲಿದಳು. ಹೊರಗೆ ಯಾರಾದರೂ ನಡೆದರೆ ಇಬ್ಬರೂ ಬಾಗಿಲು ನೋಡುತ್ತಿದ್ದರು. ಯಾರೂ ಬರಲಿಲ್ಲ.

---

ಬೆಳಗ್ಗೆ ಅಂಗಡಿಯ ಹಲಗೆ ತೆಗೆಯುವ ಮುಂಚೆಯೇ ಭೀಮಗೊಂಡ ಗಾದಿಯ ಮೇಲೆ ಕುಳಿತಿದ್ದ. ಅರ್ಧಗತ್ತಲು. ಜಿನದತ್ತ ಬಾಗಿಲಲ್ಲಿ ನಿಂತ.

"ಬಾ."

ಬಂದ.

"ಕೂಡು."

ಕುಳಿತ.

"ಕಡೀಕ ಹೋಗತಾಳೇನು?"

"ಹೋಗತಾಳ್ರಿ. ಗಾಡಿ ಹತ್ತಿ ಹೋಗತಾಳ್ರಿ."

"ಹೋದಮ್ಯಾಲ?"

"ಅಲ್ಲಿಗೆ ಮುಗೀತೈತ್ರಿ."

"ಹೋದಮ್ಯಾಲ ಏನಾತು, ಅದನ್ನ ಬರದಿಲ್ಲೇನು ನೀ?"

ಆ 'ನೀ' ಎಂಬ ಮಾತು ಬಿದ್ದ ಮೇಲೆ ಜಿನದತ್ತನಿಗೆ ಗೋಡೆ, ಗಾದಿ, ತಕ್ಕಡಿ ಎಲ್ಲ ದೂರ ಸರಿದ ಹಾಗಾಯಿತು. ಬರೆದವನು ಯಾರೆಂದು ಸಾವಕಾರನಿಗೆ ತಿಳಿದಿತ್ತು. ಕಾಲಿಗೆ ಬೀಳಬೇಕೆನ್ನಿಸಿತು.

"ನನಗ ಗೊತ್ತಿರಲಿಲ್ಲರಿ," ಎಂದ.

"ಹೂಂ," ಎಂದ ಭೀಮಗೊಂಡ. ಆಮೇಲೆ, "ಆ ಇಚಲಕರಂಜಿ ಮಂದೀನೂ ಓದ್ಯಾರ," ಎಂದ. "ಅವರೊಳಗ ಒಬ್ಬಾಂವರ ಕೇಳಿದನೇನು, ಹೋಗಿ ಏನಾದಳು ಅಂತ? ಬಾವಿ ಯಾವ ಊರಂದು ಅಂತ ಜಗಳಾಡ್ಯಾರ. ನಾನೂ ಮೊಣಕಾಲ ನೋಡಕೋತ ಕುಂತಿದ್ನಿ."

ಅವನು ಎದ್ದ. ಜಿನದತ್ತ ಬೆನ್ನು ಬಗ್ಗಿಸಿ ಕಣ್ಣು ಮುಚ್ಚಿದ. ಭೀಮಗೊಂಡ ಅವನನ್ನು ದಾಟಿ ಹೋಗಿ ತಾನೇ ಅಂಗಡಿಯ ಹಲಗೆ ತೆಗೆದ.

ಅಂದು ಮಧ್ಯಾಹ್ನ ಕೊನೆಯ ಅಧ್ಯಾಯ. ಪರಪ್ಪ ಬರಲಿಲ್ಲ. ಜೋತಿಬಾ ಮಾತ್ರ ಹೊಸ್ತಿಲಲ್ಲಿದ್ದ. ಜಿನದತ್ತ ಬರೆದದ್ದನ್ನು ಬರೆದ ಹಾಗೆ ಓದಿದ. ಗಂಗೂ ಗಾಡಿ ಹತ್ತಿದಳು. ಗಾಡಿ ಬಜಾರು ದಾಟಿತು. ಚಹಾದಂಗಡಿಯವನು ಒಮ್ಮೆ ನೋಡಿ ಕಪ್ಪು ತೊಳೆಯತೊಡಗಿದ. ಬರೆಯುವಾಗ ಆ ಕೊನೆ ಅವನಿಗೆ ಬಹಳ ಚೆಂದ ಕಂಡಿತ್ತು. ಬಾಗಿಲ ಹಿಂದೆ ಬಳೆ ಸಪ್ಪಳವಿಲ್ಲದ್ದನ್ನು ಕೇಳುತ್ತ ಓದುವಾಗ, ಆ ಚಹಾದಂಗಡಿಯವನನ್ನು ಎಳೆದು ಕೆನ್ನೆಗೆ ಬಾರಿಸಬೇಕೆನ್ನಿಸಿತು.

"ಆತ್ರಿ," ಎಂದ.

ಮಾಣಿಕಬಾಯಿ ಕಾಯುತ್ತ ಕುಳಿತಿದ್ದಳು. "ಫಲಾ ಓದು."

"ಏನ್ರಿ?"

"ಈ ಪೋಥಿ ಕೇಳಿದವರಿಗೆ ಏನ ಫಲಾ ಅಂತ ಕಡೀಕ ಬರದಿರತಾರಲ್ಲ. ಅದನ್ನ ಓದಿ ಮುಗಸು. ಮಂಗಳಾರತಿ ಮಾಡೂನು."

"ಇದರಾಗ ಫಲಾ ಬರದಿಲ್ಲರಿ, ಆಯಿ."

"ಬರದಿಲ್ಲ?" ಅವಳು ಕೈ ಚಾಚಿ ಕೊನೆಯ ಹಾಳೆಯನ್ನು ಬೆರಳಿನಿಂದ ಸವರಿ ನೋಡಿದಳು. "ಇಷ್ಟೆಲ್ಲಾ ಬರದು ಫಲಾ ಬರದಿಲ್ಲೇನು? ಎಂಥಾಂವದಾನ ಇಂವಾ? ಒಂದು ಹುಡುಗೀನ ಗಾಡಿ ಹತ್ತಸಿ, ಕೈ ಝಾಡಸ್ಕೊಂಡ ಎದ್ದ ಹೋದನೇನು?" ಅವಳು ಕೋಲನ್ನು ನೆಲಕ್ಕೆ ಕುಟ್ಟಿದಳು. ಅದು ಸಿಟ್ಟೋ ಮತ್ತೊಂದೋ ಜಿನದತ್ತನಿಗೆ ತಿಳಿಯಲಿಲ್ಲ. "ಇದು ಮುಗದಿಲ್ಲ. ನಾ ಆರತಿ ಮಾಡೂದಿಲ್ಲ. ಪುಸ್ತಕಾ ಹಂಗ ತೆರದ ಇರಲಿ. ಭೀಮ್ಯಾ, ಕೇಳಿದೇನು? ನಮ್ಮ ಮನ್ಯಾಗ ಪೋಥಿ ಮುಗಿಯೂತನಕ ಹೆಣ್ಣಮಗಳನ್ನ ಹೊರಗ ಕಳಸಿದ್ದಿಲ್ಲ."

ಭೀಮಗೊಂಡ ತೆರೆದ ಪುಸ್ತಕವನ್ನು ದಾಟದೆ, ಸುತ್ತಿಹಾಕಿಕೊಂಡು ಅಂಗಡಿಗೆ ಹೋದ.

ಮರುದಿನ ಜಿನದತ್ತ ಅಂಗಡಿಗೆ ಬಂದಾಗ ಅವನ ಡೆಸ್ಕು ಜಾಗದಲ್ಲಿ ಇರಲಿಲ್ಲ. ಅಂಗಡಿಯ ಆಚೆ ತುದಿಗೆ, ಬೆಲ್ಲದ ಪೆಂಟೆಗಳ ಪಕ್ಕ ಅದನ್ನು ಸರಿಸಿ ಇಡಲಾಗಿತ್ತು. ಮೇಲೆ ಟಾಕು, ಮಸಿಕುಡಿಕೆ, ಬಹಿ ಎಲ್ಲ ನೀಟಾಗಿ ಜೋಡಿಸಿದ್ದವು. ಹಮಾಲರು ಅವನ ಮುಖ ನೋಡಲಿಲ್ಲ. ಕೆಲಸ ಉಳಿಯಿತೋ, ಇಷ್ಟರಲ್ಲೇ ಹೋಗುವುದೋ, ಗೊತ್ತಾಗಲಿಲ್ಲ. ಹೋಗಿ ಅಲ್ಲಿ ಕುಳಿತ. ಅಲ್ಲಿಗೆ ಒಳಮನೆಯ ಯಾವ ಸಪ್ಪಳವೂ ಬರುತ್ತಿರಲಿಲ್ಲ.

ಅವನ ಹಳೆಯ ಜಾಗದಲ್ಲಿ, ಗೋಡೆಗೆ ಬೆನ್ನು ಹಚ್ಚಿ ಭೀಮಗೊಂಡ ಕುಳಿತಿದ್ದ.

ಪರಪ್ಪ ಛತ್ರಿ ಕೇಳಲು ಬಂದವನು ವ್ಯಾಪಾರಕ್ಕೂ ಕುಳಿತ. ಬೆಲ್ಲ ಕೊಳ್ಳುವುದಿತ್ತು. ದರವನ್ನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ಇಬ್ಬರೂ ಕೈಗಳ ಮೇಲೆ ಒಂದು ಟವೆಲ್ಲು ಹಾಕಿ, ಅದರ ಕೆಳಗೆ ಬೆರಳು ಹಿಡಿದು ಹೇಳುವುದು. ಪರಪ್ಪ ಬೆರಳು ಒತ್ತಿದ. ಟವೆಲ್ಲು ಅಲುಗಿತು. ಭೀಮಗೊಂಡ ಒತ್ತಿದ. ಮತ್ತೆ ಅಲುಗಿತು.

ಆಮೇಲೆ ಟವೆಲ್ಲು ನಿಂತಿತು.

ಪರಪ್ಪ ಕಾದ. ಭೀಮಗೊಂಡನ ತಲೆ ಗೋಡೆಯ ಕಡೆ ತುಸು ವಾಲಿತ್ತು. ಗೋಡೆಯಾಚೆ ಟ್ರಂಕಿನ ಚಿಲಕ ಬಿದ್ದಿತೋ ಎದ್ದಿತೋ, ಅವನು ಈ ಸಲ ಜೋರಾಗಿ ಮಾತಾಡಲಿಲ್ಲ. ಜಿನದತ್ತ ದೂರದಿಂದ ಆ ಟವೆಲ್ಲನ್ನೇ ನೋಡುತ್ತಿದ್ದ. ಅದರ ಕೆಳಗೆ ಇಬ್ಬರ ಕೈಗಳೂ ಇದ್ದವು, ಒಂದೂ ಅಲುಗುತ್ತಿರಲಿಲ್ಲ.